ನಡುಹಗಲ ಬಿಸಿಲಿಗೊಂದು ಹಗೇವು

ನಮ್ಮ ಅಜ್ಜಿಯ ಮನೆಯ ಅಂಗಳದಲ್ಲಿ ಒಂದು ಹಗೇವಿತ್ತು. ಮೇಲಿನಿಂದ ಕಾಣುತ್ತಿದ್ದದ್ದು ಒಂದು ಚಪ್ಪಡಿ ಕಲ್ಲು ಅಷ್ಟೇ. ಕಲ್ಲು ಸರಿಸಿದರೆ ಒಬ್ಬ ಆಳು ಇಳಿಯುವಷ್ಟು ಬಾಯಿ, ಒಳಗೆ ಗುಡಾಣದಂತೆ ಹೊಟ್ಟೆ ಉಬ್ಬಿದ ಗುಂಡಿ. ಸುಗ್ಗಿಯಲ್ಲಿ ರಾಗಿ ತುಂಬಿ, ಹುಲ್ಲು ಹೊದಿಸಿ, ಮಣ್ಣು ಮೆತ್ತಿ ಮುಚ್ಚಿದರೆ ಅದು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವಾಗ ಮಾತ್ರ ಅವಸರ ಕೂಡದು. ಬಾಯಿ ತೆರೆದು ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದು, ದೀಪ ಇಳಿಬಿಟ್ಟು ಅದು ಆರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೇ ಆಳು ಇಳಿಯುತ್ತಿದ್ದ. ಮಳೆ ಕೈಕೊಟ್ಟ ವರ್ಷ ಊರಿನವರು ಉಂಡದ್ದು ಇಂಥ ಗುಂಡಿಗಳಿಂದಲೇ.

ವಿದ್ಯುತ್ತಿನ ಸುದ್ದಿ ಓದುವಾಗಲೆಲ್ಲ ನನಗೆ ಆ ಹಗೇವು ನೆನಪಾಗುತ್ತದೆ. ಬಿಸಿಲಿನಿಂದ, ಗಾಳಿಯಿಂದ ಕರೆಂಟು ತೆಗೆಯುವುದನ್ನು ನಮ್ಮ ದೇಶ ಚೆನ್ನಾಗಿಯೇ ಕಲಿತಿದೆ. ತೆಗೆದದ್ದನ್ನು ಹೊತ್ತಿಗಾಗುವಂತೆ ಇಟ್ಟುಕೊಳ್ಳುವ ಜಾಗ ಮಾತ್ರ ಇನ್ನೂ ಸಾಲದು.

ನಮ್ಮ ಜಿಲ್ಲೆಯದೇ ಪಾವಗಡ ತಾಲ್ಲೂಕನ್ನು ನೋಡಿ. ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಹರಡಿದೆ. ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಎಂದು ನಿಗದಿಯಾಗಿತ್ತು. ಶೇಂಗಾ ಬಿತ್ತಿ ಮೂರು ವರ್ಷಕ್ಕೊಮ್ಮೆ ಬೆಳೆ ಕಾಣುತ್ತಿದ್ದ ನೆಲದಲ್ಲಿ ಈಗ ದಿನವೂ ಬಿಸಿಲು ಕೊಯ್ಲಾಗುತ್ತಿದೆ. ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿ ನಿಂತರೆ ಕಣ್ಣು ಬಿಡಲಾಗದಷ್ಟು ಝಳ. ಸಾಲು ಸಾಲು ಫಲಕಗಳಲ್ಲಿ ಒಂದೂ ಅಲುಗುವುದಿಲ್ಲ. ಇನ್ವರ್ಟರ್ ಕೋಣೆಯ ಗುಂಯ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಾಲ್ಕರ ಮೇಲೆ ಆ ಸದ್ದೂ ತಗ್ಗುತ್ತ ಬಂದು, ಆರೂವರೆಗೆ ನಿಂತೇ ಹೋಗುತ್ತದೆ. ಬೆಂಗಳೂರಿನಲ್ಲಿ ಜನ ಕೆಲಸದಿಂದ ಮನೆಗೆ ಮರಳಿ ದೀಪ, ಫ್ಯಾನು, ಟಿವಿ, ಮಿಕ್ಸಿ ಎಲ್ಲವನ್ನೂ ಹಾಕುವುದು ಸರಿಯಾಗಿ ಆಗಲೇ.

ತಂತಿಯೊಳಗೆ ಕರೆಂಟನ್ನು ಇಟ್ಟುಕೊಳ್ಳಲು ಬರುವುದಿಲ್ಲ ಎಂಬುದೇ ಇಲ್ಲಿನ ಗಂಟು. ಈ ಕ್ಷಣ ದೇಶದಲ್ಲಿ ಎಷ್ಟು ಖರ್ಚಾಗುತ್ತಿದೆಯೋ ಅಷ್ಟೇ ಈ ಕ್ಷಣ ಹುಟ್ಟಬೇಕು. ಏರುಪೇರಾದರೆ ಅದು ಮೊದಲು ಕಾಣುವುದು ಕರೆಂಟಿನ ಆವರ್ತನದಲ್ಲಿ, ಅಂದರೆ ಫ್ರೀಕ್ವೆನ್ಸಿಯಲ್ಲಿ. ನಮ್ಮ ವಿದ್ಯುತ್ ಜಾಲ ನಡೆಯುವುದು 50 ಹರ್ಟ್ಸ್‌ನಲ್ಲಿ. ಕಲ್ಲಿದ್ದಲು ಸ್ಥಾವರದ ಭಾರಿ ಟರ್ಬೈನು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಈ 50 ಬರುತ್ತದೆ. ಹೇರು ಹೆಚ್ಚಾದಾಗ ಎತ್ತಿನ ನಡಿಗೆ ನಿಧಾನವಾಗುವಂತೆ ಬೇಡಿಕೆ ಏರಿದಾಗ ಟರ್ಬೈನು ತುಸು ನಿಧಾನಿಸುತ್ತದೆ, ಬೇಡಿಕೆ ಇಳಿದಾಗ ಮುನ್ನುಗ್ಗುತ್ತದೆ. 49.90 ಮತ್ತು 50.05ರ ನಡುವೆ ಅದನ್ನು ಹಿಡಿದಿಡಬೇಕು. ಇಡೀ ದಕ್ಷಿಣ ಭಾರತದ ಪರವಾಗಿ ಈ ಅಂಕಿಯನ್ನು ಹಗಲೂ ರಾತ್ರಿ ಕಾಯುವ ಕೇಂದ್ರ ಇರುವುದು ಬೆಂಗಳೂರಿನ ರೇಸ್‌ಕೋರ್ಸ್ ಬಳಿ. ಆ ರಸ್ತೆಯಲ್ಲಿ ದಿನವೂ ಓಡಾಡುವ ಎಷ್ಟೋ ಜನಕ್ಕೆ ಅದು ಗೊತ್ತಿಲ್ಲ.

2020ರ ಏಪ್ರಿಲ್ 5ರ ರಾತ್ರಿ ಈ ಕಾವಲಿಗೆ ದೊಡ್ಡ ಪರೀಕ್ಷೆ ಎದುರಾಯಿತು. ಲಾಕ್‌ಡೌನ್ ಕಾಲ. ಒಂಬತ್ತು ಗಂಟೆಗೆ ಒಂಬತ್ತು ನಿಮಿಷ ಮನೆಯ ದೀಪ ಆರಿಸಿ ಹಣತೆ ಹಚ್ಚಿ ಎಂದು ಪ್ರಧಾನಿ ಕರೆ ಕೊಟ್ಟಿದ್ದರು. ನಾವು ಬಾಗಿಲಲ್ಲಿ ಹಣತೆ ಹಿಡಿದು ನಿಂತಿದ್ದಾಗ ದೇಶದ ಬೇಡಿಕೆ ನೋಡನೋಡುತ್ತ ಸುಮಾರು 31,000 ಮೆಗಾವ್ಯಾಟ್ ಕುಸಿಯಿತು. ಒಂಬತ್ತು ನಿಮಿಷವಾದ ಮೇಲೆ ಅಷ್ಟೂ ದೀಪಗಳು ಮತ್ತೆ ಹತ್ತಿಕೊಂಡವು. ಕಲ್ಲಿದ್ದಲು ಸ್ಥಾವರಗಳಿಗೆ ಅಷ್ಟು ಬೇಗ ಇಳಿದು ಏರುವುದು ಆಗದ ಮಾತು. ಆ ರಾತ್ರಿ ಜಾಲವನ್ನು ಹಿಡಿದು ನಿಲ್ಲಿಸಿದ್ದು ಮುಖ್ಯವಾಗಿ ಅಣೆಕಟ್ಟುಗಳು. ಒಂಬತ್ತಾಗುವ ಮೊದಲೇ ಜಲವಿದ್ಯುತ್ ಕೇಂದ್ರಗಳನ್ನು ಪೂರ್ತಿ ಏರಿಸಿಟ್ಟುಕೊಂಡು, ದೀಪಗಳು ಆರುತ್ತಿದ್ದಂತೆ ನೀರಿನ ಬಾಗಿಲು ಮುಚ್ಚುತ್ತ ಬಂದು, ಹತ್ತುತ್ತಿದ್ದಂತೆ ತೆರೆಯುತ್ತ ಹೋದರು. ಎಲ್ಲೂ ಕತ್ತಲಾಗಲಿಲ್ಲ. ನಾವು ಚಪ್ಪಾಳೆ ತಟ್ಟದೆ ಬಿಟ್ಟವರಲ್ಲಿ ಆ ಕಂಟ್ರೋಲ್ ರೂಮುಗಳ ಎಂಜಿನಿಯರುಗಳೂ ಇದ್ದಾರೆ.

ಇದು ಸಾಧ್ಯವಾದದ್ದು ದೇಶವೆಲ್ಲ ಒಂದೇ ಜಾಲವಾಗಿರುವುದರಿಂದ. ಮೊದಲು ಹಾಗಿರಲಿಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಎರಡು ದಿನ ಸಾಲಾಗಿ ಕುಸಿದು, ಎರಡನೇ ದಿನ ಪೂರ್ವ, ಈಶಾನ್ಯದ ಜಾಲಗಳನ್ನೂ ಕೆಡವಿ, ಅರವತ್ತು ಕೋಟಿಗೂ ಹೆಚ್ಚು ಜನ ಕತ್ತಲಲ್ಲಿ ಉಳಿದಾಗ ನಮಗೇನೂ ಆಗಲಿಲ್ಲ, ದಕ್ಷಿಣದ ಜಾಲದ ತಾಳವೇ ಬೇರೆಯಿತ್ತು. 2013ರ ಡಿಸೆಂಬರ್ 31ರಂದು ರಾಯಚೂರಿನಿಂದ ಸೋಲಾಪುರಕ್ಕೆ ಎಳೆದ 765 ಕೆ.ವಿ. ಮಾರ್ಗಕ್ಕೆ ಚಾಲನೆ ಸಿಕ್ಕಿತು. ಅಂದಿನಿಂದ ಕಾಶ್ಮೀರದ ಹೀಟರೂ ಕನ್ಯಾಕುಮಾರಿಯ ಫ್ಯಾನೂ ಒಂದೇ ತಾಳಕ್ಕೆ ನಡೆಯುತ್ತಿವೆ.

ಒಂದೇ ಜಾಲವೆಂದರೆ ನಮ್ಮ ಹಳ್ಳಿಗಳ ಮುಯ್ಯಿ ಇದ್ದಂತೆ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. 2023ರಲ್ಲಿ ಮಳೆ ಹೋಗಿ, ಜಲಾಶಯ ತುಂಬದೆ, ಅಕ್ಟೋಬರಿನಲ್ಲಿ ರೈತರ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ತಿರುಗತೊಡಗಿದಾಗ ಕರ್ನಾಟಕ ಮಾಡಿದ್ದು ಇದನ್ನೇ. ಪಂಜಾಬ್ ಮತ್ತು ಉತ್ತರ ಪ್ರದೇಶದಿಂದ ಕರೆಂಟು ಪಡೆದು, ಅವರಿಗೆ ಬೇಕಾದ ಕಾಲಕ್ಕೆ ಹಿಂತಿರುಗಿಸುವ ಒಪ್ಪಂದ ಮಾಡಿಕೊಂಡಿತು. ಇಲ್ಲಿ ಹಣದ ಬದಲು ಕರೆಂಟಿಗೆ ಕರೆಂಟೇ ಮುಯ್ಯಿ.

ಆದರೆ ಸಂಜೆಯ ವಿಷಯದಲ್ಲಿ ಮುಯ್ಯಿ ನಡೆಯುವುದಿಲ್ಲ. ಪಾವಗಡದಲ್ಲಿ ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆಲ್ಲ ರಾಜಸ್ಥಾನದಲ್ಲೂ ಮುಳುಗುತ್ತಾನೆ. ದೇಶದ ಸೌರ ಸಾಮರ್ಥ್ಯ 2025ರ ಜನವರಿಯಲ್ಲೇ ಒಂದು ಲಕ್ಷ ಮೆಗಾವ್ಯಾಟ್ ದಾಟಿದೆ. ಅದೇ ವರ್ಷದ ಮಧ್ಯದ ಹೊತ್ತಿಗೆ ಸ್ಥಾಪಿತ ಸಾಮರ್ಥ್ಯದ ಅರ್ಧದಷ್ಟು ಕಲ್ಲಿದ್ದಲು, ಅನಿಲಗಳ ಹೊರತಾದ ಮೂಲಗಳದ್ದಾಯಿತು. ಹಾಗಿದ್ದೂ ನಾವು ಬಳಸುವ ಹತ್ತು ಯೂನಿಟ್ಟಿನಲ್ಲಿ ಸುಮಾರು ಏಳು ಈಗಲೂ ಕಲ್ಲಿದ್ದಲಿನಿಂದಲೇ ಬರುತ್ತಿವೆ. ಫಲಕಕ್ಕೆ ಹಗಲು ಮಾತ್ರ ಕೆಲಸ, ಕಲ್ಲಿದ್ದಲಿಗೆ ಹಗಲೂ ರಾತ್ರಿ ಕೆಲಸ.

ಸಂಜೆ ಬೇಕೇ ಬೇಕು ಎಂಬ ಕಾರಣಕ್ಕೆ ಕಲ್ಲಿದ್ದಲು ಸ್ಥಾವರವನ್ನು ಮಧ್ಯಾಹ್ನವೂ ಆರಿಸುವಂತಿಲ್ಲ. ಮದುವೆ ಮನೆಯ ಕೋಡೊಲೆಯನ್ನು ಮಧ್ಯಾಹ್ನದ ಊಟವಾಯಿತೆಂದು ಪೂರ್ತಿ ಆರಿಸಿದರೆ ರಾತ್ರಿಯ ಅಡುಗೆಗೆ ಮತ್ತೆ ಕಾವು ಬರುವುದು ಯಾವಾಗ? ಕೆಂಡ ಇಟ್ಟುಕೊಂಡೇ ಇರಬೇಕು. ನಮ್ಮ ಬಹುತೇಕ ಸ್ಥಾವರಗಳು ಸಾಮರ್ಥ್ಯದ ಶೇ. 55ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಮುಂದೆ ಶೇ. 40ಕ್ಕೆ ಇಳಿಸುವ ನಿಯಮ ಬಂದಿದೆ. ಇತ್ತ ಕೆಂಡವೂ ಉರಿಯುತ್ತಿರುತ್ತದೆ, ಅತ್ತ ಬಿಸಿಲೂ ಸುರಿಯುತ್ತಿರುತ್ತದೆ. ಎರಡೂ ಸೇರಿ ಹೆಚ್ಚಾದಾಗ ಸೋಲಾರ್‌ನವರಿಗೆ ನಿಲ್ಲಿಸಿ ಎಂಬ ಕರೆ ಹೋಗುತ್ತದೆ. ರಾಜಸ್ಥಾನದಲ್ಲಿ ಸಾಗಿಸುವ ಲೈನು ಸಾಲದೆಯೂ ಹೀಗೇ ನಿಲ್ಲಿಸಿದ್ದಾರೆ. ಖರ್ಚಿಲ್ಲದೆ ಬರುವ ಬಿಸಿಲನ್ನು ಚೆಲ್ಲಿ ಅದೇ ದಿನ ಸಂಜೆ ಕಲ್ಲಿದ್ದಲು ಸುಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಗೇವು ಬೇಕಾಗಿರುವುದು ಇಲ್ಲಿ. ಇರುವ ಹಗೇವುಗಳಲ್ಲಿ ಎಲ್ಲಕ್ಕಿಂತ ಹಳೆಯದು, ನಂಬಿಕೆಯದು ನೀರು. ಎರಡು ಕೆರೆ, ಒಂದು ಮೇಲೆ, ಒಂದು ಕೆಳಗೆ. ಹಗಲು ಹೆಚ್ಚಾದ ಕರೆಂಟಿನಿಂದ ಕೆಳಗಿನ ನೀರನ್ನು ಮೇಲಕ್ಕೆ ಎತ್ತುವುದು, ಸಂಜೆ ಅದೇ ನೀರನ್ನು ಟರ್ಬೈನಿನ ಮೇಲೆ ಬಿಡುವುದು. ಇದಕ್ಕೇ ಪಂಪ್ಡ್ ಸ್ಟೋರೇಜ್ ಎನ್ನುತ್ತಾರೆ. ಎತ್ತಲು 100 ಯೂನಿಟ್ ಖರ್ಚು ಮಾಡಿದರೆ 75ರಿಂದ 80 ಯೂನಿಟ್ ವಾಪಸು ಬರುತ್ತದೆ. ತಮಿಳುನಾಡಿನ ಆನೈಮಲೈ ಬೆಟ್ಟಗಳಲ್ಲಿರುವ ಕಡಂಪಾರೈ 1980ರ ದಶಕದಿಂದ ಈ ಕೆಲಸ ಮಾಡುತ್ತಿದೆ. ನಾಗಾರ್ಜುನಸಾಗರ, ಶ್ರೀಶೈಲ, ಬಂಗಾಳದ ಪುರುಲಿಯಾಗಳಲ್ಲೂ ಇಂಥವಿವೆ.

ಸುಲಭವಾಗಿ ಕೇಳಿಸುತ್ತದೆ, ಆದರೆ ಒಂದು ಲೆಕ್ಕ ಹಾಕಿ ನೋಡಿ. ನಿಮ್ಮ ಮನೆಯ ಮೇಲೆ ಹತ್ತು ಮೀಟರ್ ಎತ್ತರದಲ್ಲಿ ಸಾವಿರ ಲೀಟರಿನ ಸಿಂಟೆಕ್ಸ್ ಇದೆಯೆನ್ನಿ. ಆ ನೀರಷ್ಟೂ ಕೆಳಗೆ ಬೀಳುವಾಗ ಕೊಡಬಲ್ಲ ಶಕ್ತಿ ಒಂಬತ್ತು ವ್ಯಾಟಿನ ಒಂದು ಎಲ್‌ಇಡಿ ಬಲ್ಬನ್ನು ಮೂರು ಗಂಟೆ ಉರಿಸುವಷ್ಟು ಮಾತ್ರ. ಒಂದೇ ಒಂದು ಯೂನಿಟ್ ಕೂಡಿಡಬೇಕೆಂದರೆ ಆ ಸಾವಿರ ಲೀಟರನ್ನು 367 ಮೀಟರ್ ಮೇಲಕ್ಕೆ ಎತ್ತಬೇಕು. ಅದಕ್ಕೇ ಎಂಜಿನಿಯರುಗಳ ಕಣ್ಣು ಯಾವಾಗಲೂ ಬೆಟ್ಟದ ಮೇಲೆ. ಅದಕ್ಕೇ ಶರಾವತಿ ಕಣಿವೆಯ ಮೇಲೂ.

ತಳಕಳಲೆ ಜಲಾಶಯಕ್ಕೂ ಗೇರುಸೊಪ್ಪ ಜಲಾಶಯಕ್ಕೂ ನಡುವೆ ನಾನೂರು ಮೀಟರಿಗೂ ಮಿಕ್ಕ ಇಳಿಜಾರಿದೆ. ಎರಡೂ ಜಲಾಶಯಗಳು ಈಗಾಗಲೇ ಇವೆ. ಅವುಗಳ ನಡುವೆ ನೆಲದೊಳಗೆ ಸುರಂಗ ಕೊರೆದು 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಕಟ್ಟುವುದು ಯೋಜನೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಹೊಸ ಅಣೆಕಟ್ಟು ಬೇಡ, ಊರು ಮುಳುಗುವುದಿಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಆ ಇಳಿಜಾರು ಸಿಂಗಳೀಕಗಳ ಅಭಯಾರಣ್ಯ. ಸುರಂಗ ನೆಲದೊಳಗೆ ಹೋದರೂ ಅದಕ್ಕೆ ರಸ್ತೆ, ಸಿಡಿಮದ್ದು, ಅಗೆದ ಕಲ್ಲುಮಣ್ಣಿನ ರಾಶಿ ಎಲ್ಲವೂ ನೆಲದ ಮೇಲೆಯೇ ಆಗಬೇಕು. ಮಳೆಗಾಲದಲ್ಲಿ ಆ ಕಡೆಯ ಗುಡ್ಡಗಳು ಜರಿಯುವುದನ್ನು ಮಲೆನಾಡಿನವರು ಪ್ರತಿವರ್ಷ ನೋಡುತ್ತಿದ್ದಾರೆ. ಸಿಂಗಳೀಕ ಮರದಿಂದ ಮರಕ್ಕೆ ದಾಟಿ ಬದುಕುವ ಪ್ರಾಣಿ, ಮರಗಳ ಮೇಲ್ಛಾವಣಿ ಹರಿದರೆ ಅದರ ಗುಂಪು ಎರಡಾಗಿ ಒಡೆಯುತ್ತದೆ.

ಇನ್ನೊಂದು ಮಾತನ್ನೂ ಮರೆಯಬಾರದು. ಈ ನಾಡಿಗೆ ಬೆಳಕು ಕೊಡಲು ಶರಾವತಿ ಕಣಿವೆ ಈಗಾಗಲೇ ಎರಡು ಸಲ ಮುಳುಗಿದೆ, ಮೊದಲು ಹಿರೇಭಾಸ್ಕರದಲ್ಲಿ, ಆಮೇಲೆ 1964ರ ಲಿಂಗನಮಕ್ಕಿಯಲ್ಲಿ. ಮನೆ ಹೊಲ ಬಿಟ್ಟು ಎದ್ದುಹೋದವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ತಾವಿರುವ ಭೂಮಿಯ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಆ ಕಣಿವೆಯನ್ನು ಮೂರನೇ ಸಲ ಕೇಳುವ ಮೊದಲು ಬೇರೆ ಎಲ್ಲ ದಾರಿಗಳನ್ನೂ ನಾವು ಮುಗಿಸಿರಬೇಕು ಎಂಬುದು ನನ್ನ ನಿಲುವು. ಪಂಪ್ಡ್ ಸ್ಟೋರೇಜ್ ಬೇಡವೆಂದು ಇದರ ಅರ್ಥವಲ್ಲ. ಆಂಧ್ರದ ಪಿನ್ನಾಪುರಂನಲ್ಲಿ ನದಿಯಿಂದ ದೂರ, ಒಣ ಕಲ್ಲುಗುಡ್ಡಗಳ ನಡುವೆ 1,680 ಮೆಗಾವ್ಯಾಟಿನದ್ದನ್ನು ಕಟ್ಟಿದ್ದಾರೆ. ಒಮ್ಮೆ ತುಂಬಿದ ನೀರೇ ಮೇಲೆ ಕೆಳಗೆ ಓಡಾಡುತ್ತದೆ, ಆವಿಯಾದಷ್ಟನ್ನು ಮಾತ್ರ ಮತ್ತೆ ತುಂಬಬೇಕು. ನಮ್ಮ ಬಯಲುಸೀಮೆಯಲ್ಲಿ ಬೋಳುಗುಡ್ಡಗಳಿಗೆ ಬರವೇ?

ಇನ್ನು ಬ್ಯಾಟರಿ. ಐದಾರು ವರ್ಷಗಳ ಹಿಂದೆ ಬರೆದಿದ್ದರೆ ಇದನ್ನು ಕನಸಿನ ಮಾತು ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೆನೇನೋ. ಈಗ ಹಾಗಿಲ್ಲ. 2022ರಲ್ಲಿ ಕೇಂದ್ರದ ಸೌರ ನಿಗಮ ಟೆಂಡರ್ ಕರೆದಾಗ ಒಂದು ಮೆಗಾವ್ಯಾಟಿನ ಎರಡು ಗಂಟೆಯ ಬ್ಯಾಟರಿಗೆ ತಿಂಗಳ ಬಾಡಿಗೆ 10.8 ಲಕ್ಷ ರೂಪಾಯಿ ಬಂದಿತ್ತು. 2024 ಮುಗಿಯುವ ಹೊತ್ತಿಗೆ, ಸರ್ಕಾರದ ನೆರವೂ ಸೇರಿ, ಅದು ಎರಡೂವರೆ ಲಕ್ಷದ ಆಸುಪಾಸಿಗೆ ಇಳಿಯಿತು. ಹಡಗಿನಲ್ಲಿ ಸರಕು ಸಾಗಿಸುವ ಕಂಟೇನರಿನಂಥ ಪೆಟ್ಟಿಗೆಗಳು, ಒಳಗೆ ಲಿಥಿಯಂ ಕೋಶಗಳ ಅಟ್ಟಣಿಗೆ. ಗುಡ್ಡ ಬೇಡ, ನದಿ ಬೇಡ, ಹತ್ತು ವರ್ಷ ಕಾಯಬೇಕಿಲ್ಲ. ಸಬ್‌ಸ್ಟೇಷನ್ನಿನ ಪಕ್ಕದ ಖಾಲಿ ಜಾಗ ಸಾಕು. ಛತ್ತೀಸಗಢದ ರಾಜನಾಂದಗಾಂವ್‌ನಲ್ಲಿ 100 ಮೆಗಾವ್ಯಾಟ್ ಸೋಲಾರ್ ಜೊತೆಗೆ 40 ಮೆಗಾವ್ಯಾಟನ್ನು ಮೂರು ಗಂಟೆ ಕೊಡಬಲ್ಲ ಬ್ಯಾಟರಿ 2024ರಿಂದ ಕೆಲಸ ಮಾಡುತ್ತಿದೆ. ಹೊಸ ಸೋಲಾರ್ ಟೆಂಡರುಗಳಲ್ಲಿ ಸಾಮರ್ಥ್ಯದ ಶೇ. 10ರಷ್ಟಾದರೂ ಎರಡು ಗಂಟೆಯ ಸಂಗ್ರಹ ಇರಲಿ ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರ 2025ರ ಫೆಬ್ರವರಿಯಲ್ಲಿ ಸೂಚಿಸಿತು. ಶೇ. 10 ಏನೇನೂ ಸಾಲದು, ಆದರೂ ಶುರುವಾಯಿತಲ್ಲ.

ಬ್ಯಾಟರಿಯ ಇನ್ನೊಂದು ಗುಣ ಚುರುಕು. ದಕ್ಷಿಣ ಆಸ್ಟ್ರೇಲಿಯಾದಲ್ಲಿ 2016ರ ಸೆಪ್ಟೆಂಬರಿನಲ್ಲಿ ಬಿರುಗಾಳಿಗೆ ಗೋಪುರಗಳು ಉರುಳಿ ಇಡೀ ರಾಜ್ಯ ಕತ್ತಲಾಯಿತು. ಮರುವರ್ಷವೇ ಹಾರ್ನ್ಸ್‌ಡೇಲ್ ಎಂಬಲ್ಲಿ 100 ಮೆಗಾವ್ಯಾಟಿನ ಬ್ಯಾಟರಿ ನಿಲ್ಲಿಸಿದರು. ಎಲ್ಲೋ ಒಂದು ಸ್ಥಾವರ ಹಠಾತ್ತನೆ ನಿಂತು ಆವರ್ತನ ಬೀಳತೊಡಗಿದರೆ, ಕಣ್ಣು ಮಿಟುಕಿಸುವುದರೊಳಗೆ ಅದು ಹೆಗಲು ಕೊಡುತ್ತದೆ. ಭಾರಿ ಟರ್ಬೈನುಗಳು ಕಡಿಮೆಯಾಗಿ ಇನ್ವರ್ಟರುಗಳು ಹೆಚ್ಚಾಗುತ್ತಿರುವ ಜಾಲಕ್ಕೆ ಈ ಚುರುಕು ಬೇಕೇ ಬೇಕು. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್‌ಗಳು ನಡುಹಗಲಲ್ಲೇ ಕತ್ತಲಾದಾಗ ಬಿಸಿಲಿಗೆ ಕೊರತೆಯಿರಲಿಲ್ಲ. ವೋಲ್ಟೇಜು ಏರುತ್ತಿದ್ದಾಗ ಅದನ್ನು ಹದಕ್ಕೆ ಹಿಡಿಯುವ ಸಲಕರಣೆ ಸಾಲದೆ ಒಂದರ ಹಿಂದೊಂದು ಕೇಂದ್ರ ಕಳಚಿಕೊಂಡಿತು. ಆ ಹದ ಕಾಯುವ ಕೆಲಸವನ್ನು ಬ್ಯಾಟರಿಯ ಇನ್ವರ್ಟರುಗಳಿಗೂ ಒಪ್ಪಿಸಬಹುದು, ಒಪ್ಪಂದದಲ್ಲಿ ಮೊದಲೇ ಬರೆದುಕೊಂಡಿದ್ದರೆ.

ಕೋಶಗಳು ಹೆಚ್ಚಾಗಿ ಬರುವುದು ಚೀನಾದಿಂದ ಎಂಬುದು ಚಿಂತೆಯ ವಿಷಯವೇ. ಅದಕ್ಕಿಂತ ದೊಡ್ಡ ಮಿತಿ ಎಂದರೆ ಬ್ಯಾಟರಿ ಮಧ್ಯಾಹ್ನವನ್ನು ಸಂಜೆಗೆ ದಾಟಿಸುತ್ತದೆ, ಬೇಸಿಗೆಯನ್ನು ಮಳೆಗಾಲಕ್ಕೆ ದಾಟಿಸುವುದಿಲ್ಲ. ಆಷಾಢ ಶ್ರಾವಣದಲ್ಲಿ ವಾರಗಟ್ಟಲೆ ಮೋಡ ಕವಿದರೆ ಪಾವಗಡ ಮಂಕಾಗುತ್ತದೆ. ನಮ್ಮ ಪುಣ್ಯಕ್ಕೆ ಚಿತ್ರದುರ್ಗದ, ಗದಗಿನ ಗುಡ್ಡಗಳ ಮೇಲೆ ಗಾಳಿ ಬಲವಾಗುವುದೂ ಆಗಲೇ. ತಿಂಗಳುಗಟ್ಟಲೆ ಕೂಡಿಡುವ ನಿಜವಾದ ಹಗೇವು ನಮಗಿರುವುದು ಲಿಂಗನಮಕ್ಕಿಯಂಥ ದೊಡ್ಡ ಜಲಾಶಯಗಳಲ್ಲಿ. ಬಿಸಿಲಿರುವ ಹಗಲಿನಲ್ಲಿ ಆ ನೀರನ್ನು ಮುಟ್ಟದೆ ಉಳಿಸಿ, ಸಂಜೆಗೂ ಮೋಡದ ವಾರಕ್ಕೂ ಮಾತ್ರ ಬಳಸಿದರೆ ಒಂದು ಮರವನ್ನೂ ಕಡಿಯದೆ ಶರಾವತಿ ನಮ್ಮ ಬ್ಯಾಟರಿಯಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ಎಲ್ಲಕ್ಕಿಂತ ಅಗ್ಗದ ಹಗೇವು ಯಾವುದೆಂದು ನನಗೆ ತೋರಿಸಿಕೊಟ್ಟವರು ಎಂಜಿನಿಯರಲ್ಲ, ನಮ್ಮ ಚಿಕ್ಕಪ್ಪ.

ಕರ್ನಾಟಕದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್ಟುಗಳಿವೆ. ಒಂದೊಂದನ್ನು ಐದು ಎಚ್‌ಪಿ ಎಂದು ಹಿಡಿದರೂ ಎಲ್ಲ ಒಟ್ಟಿಗೆ ತಿರುಗಿದರೆ 11,000 ಮೆಗಾವ್ಯಾಟ್ ಬೇಕು. ಹಾಗಾಗಿಯೇ ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಕರೆಂಟನ್ನು ಸರದಿಯ ಮೇಲೆ ಕೊಡುತ್ತಾರೆ. ಮೊದಲೆಲ್ಲ ಈ ಸರದಿ ಬೀಳುತ್ತಿದ್ದದ್ದು ಹೆಚ್ಚಾಗಿ ರಾತ್ರಿ, ಊರು ಮಲಗಿ ಬೇಡಿಕೆ ಇಳಿದ ಮೇಲೆ. ಹನ್ನೊಂದಕ್ಕೋ ಎರಡಕ್ಕೋ ಕರೆಂಟು ಬರುತ್ತಿತ್ತು. ಚಿಕ್ಕಪ್ಪ ಕಂಬಳಿ ಹೊದ್ದು, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕೋಲು ಹಿಡಿದು ತೋಟಕ್ಕೆ ಹೋಗುತ್ತಿದ್ದರು. ಕತ್ತಲಲ್ಲಿ ಬದುವಿನ ಮೇಲೆ ಹಾವು ಮಲಗಿರುತ್ತಿತ್ತು. ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಿ ಹೋದವರ ಸುದ್ದಿ ಪ್ರತಿ ಬೇಸಿಗೆಯಲ್ಲೂ ಅಕ್ಕಪಕ್ಕದ ಊರುಗಳಿಂದ ಬರುತ್ತಿತ್ತು. ಚಿಕ್ಕಪ್ಪ ಬೆಳಗಿನ ಜಾವ ಮರಳಿ ಕಾಲು ತೊಳೆಯುವ ಸದ್ದು ಕೇಳಿದ ಮೇಲೇ ಚಿಕ್ಕಮ್ಮನ ಕಣ್ಣಿಗೆ ನಿದ್ದೆ ಹತ್ತುತ್ತಿತ್ತು.

ಈಗ ಚಿಕ್ಕಪ್ಪನ ತೋಟಕ್ಕೆ ಬರುವ ಫೀಡರ್ ಲೈನಿಗೆ ಹಗಲೇ ತ್ರೀ ಫೇಸ್. ಸೋಲಾರ್ ಹೆಚ್ಚಾಗಿರುವ ಹೊತ್ತಿಗೇ ಪಂಪ್‌ಸೆಟ್ಟಿಗೆ ಬಿಟ್ಟರೆ ಬಿಸಿಲು ಚೆಲ್ಲಿ ಹೋಗುವುದಿಲ್ಲ, ರಾತ್ರಿ ಅಷ್ಟು ಕಲ್ಲಿದ್ದಲು ಉಳಿಯುತ್ತದೆ. ಬ್ಯಾಟರಿ ಖರ್ಚಿಲ್ಲ, ಸುರಂಗವಿಲ್ಲ. ಬೇಕಾದದ್ದು ಪಂಪ್‌ಸೆಟ್ಟುಗಳ ಫೀಡರನ್ನು ಮನೆಗಳ ಫೀಡರಿನಿಂದ ಬೇರ್ಪಡಿಸುವುದು, ಟ್ರಾನ್ಸ್‌ಫಾರ್ಮರುಗಳನ್ನು ಬಲಪಡಿಸುವುದು, ವೇಳಾಪಟ್ಟಿ ಬದಲಿಸುವುದು. ಕಾರ್ಖಾನೆಗಳಿಗೂ ಇದೇ ದಾರಿ ತೆರೆದಿದೆ. ಬಿಸಿಲಿನ ಹೊತ್ತಿಗೆ ದರ ಕಡಿಮೆ, ಸಂಜೆಗೆ ಹೆಚ್ಚು ಎಂಬ ನಿಯಮವನ್ನು ಕೇಂದ್ರ ಸರ್ಕಾರ 2023ರಲ್ಲಿ ತಂದಿದೆ.

ಒಂದು ಅಳುಕೂ ಇದೆ. ಹಗಲು ಪುಕ್ಕಟೆ ಕರೆಂಟು ಸಲೀಸಾಗಿ ಸಿಕ್ಕರೆ ಬೋರ್‌ವೆಲ್ಲುಗಳು ಇನ್ನೂ ಬೇಗ ಬತ್ತಬಹುದು. ನಮ್ಮ ಕಡೆ ಸಾವಿರ ಅಡಿ ಕೊರೆದರೂ ದೂಳು ಹಾರಿದ್ದನ್ನು ನಾನೇ ನಿಂತು ನೋಡಿದ್ದೇನೆ. ಹೊತ್ತನ್ನು ಬದಲಿಸುವಾಗ ನೀರಿನ ಲೆಕ್ಕವನ್ನೂ ಜೊತೆಗೇ ಇಡದಿದ್ದರೆ ಒಂದು ಹಗೇವು ತುಂಬಲು ಇನ್ನೊಂದನ್ನು ಖಾಲಿ ಮಾಡಿದಂತಾಗುತ್ತದೆ.

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ಚಿಕ್ಕಪ್ಪ ತೋಟ ತೋರಿಸಿದರು. ಮೇಲಿನ ಏರಿನಲ್ಲಿ ಕೃಷಿ ಹೊಂಡ ತೋಡಿಸಿ ಪ್ಲಾಸ್ಟಿಕ್ ಹಾಸಿದ್ದಾರೆ. ಬೆಳಗ್ಗೆ ಕರೆಂಟು ಬಂದಾಗ ಮೋಟರು ಹೊಂಡಕ್ಕೆ ನೀರು ಎತ್ತುತ್ತದೆ, ಬೇಕಾದಾಗ ಪೈಪಿನಲ್ಲಿ ನೀರು ತಾನಾಗಿ ಕೆಳಗಿನ ತೆಂಗಿನ ಪಾತಿಗೆ ಇಳಿಯುತ್ತದೆ. ನಾವು ಹೊಂಡದ ದಂಡೆಯಲ್ಲಿ ಕೂತಿದ್ದಾಗ ಐದು ಗಂಟೆ. ಮೋಟರು ಒಮ್ಮೆ ಗುರ್ ಎಂದು ನಿಂತಿತು.

“ಕರೆಂಟು ಹೋಯ್ತಲ್ಲ ಚಿಕ್ಕಪ್ಪ,” ಎಂದೆ.

“ಹೋಗ್ಲಿ ಬಿಡಪ್ಪ,” ಎಂದರು ಅವರು, “ಹೊಂಡ ತುಂಬೈತೆ.” ಆಮೇಲೆ ಎದ್ದು, ಪಂಚೆ ಎತ್ತಿ ಕಟ್ಟಿಕೊಂಡು, ಪೈಪಿನ ವಾಲ್ವ್ ತಿರುಗಿಸಲು ಇಳಿದು ಹೋದರು.